ಮೂತ್ರ ಹೆಚ್ಚಿಸುವ ಮಾತ್ರೆ ಕಿಡ್ನಿಯ ಕೊಳವೆಯೊಳಗೆ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಪಿಗೆ, ಕಾಲಿನ ಊತಕ್ಕೆ, ಹೃದಯದ ತೊಂದರೆಗೆ ಡಯುರೆಟಿಕ್ ಮಾತ್ರೆ ನುಂಗುವವರು ತುಂಬ ಜನ. ಮಾತ್ರೆ ತೆಗೆದುಕೊಂಡರೆ ಮೂತ್ರ ಜಾಸ್ತಿ ಹೋಗುತ್ತದೆ ಅನ್ನೋದು ಅವರಿಗೆಲ್ಲ ಗೊತ್ತು. ಅದು ಎಲ್ಲಿಂದ ಬರುತ್ತದೆ, ಜೊತೆಗೆ ಇನ್ನೇನು ಹೋಗುತ್ತದೆ ಅನ್ನೋದನ್ನು ಕೂತು ವಿವರಿಸುವವರು ಕಡಿಮೆ. ಆ ವಿವರಣೆ ಇಲ್ಲಿದೆ. ಇದನ್ನು ಓದಿ ಡೋಸ್ ಬದಲಿಸಿಕೊಳ್ಳಬೇಡಿ, ಅದನ್ನು ಡಾಕ್ಟರ್ ಹತ್ತಿರ ಮಾತಾಡಿಯೇ ಮಾಡಬೇಕು.

ಡಯುರೆಟಿಕ್ ಅಂದರೆ ಕಿಡ್ನಿಯಿಂದ ನೀರು ಹಿಂಡಿ ತೆಗೆಯುವ ಮಾತ್ರೆಯೇ?

ಅಲ್ಲ. ಬಹುತೇಕ ಡಯುರೆಟಿಕ್‌ಗಳು ನೀರಿನ ತಂಟೆಗೇ ಹೋಗುವುದಿಲ್ಲ. ಅವು ತಡೆಯುವುದು ಉಪ್ಪನ್ನು. ಕಿಡ್ನಿ ಸೋಸಿ ಕೆಳಗಿಳಿಸಿದ ಉಪ್ಪು ಮತ್ತೆ ರಕ್ತಕ್ಕೆ ಹೋಗದಂತೆ ಕೊಳವೆಯ ಒಂದು ನಿರ್ದಿಷ್ಟ ಜಾಗದಲ್ಲಿ ತಡೆಯುತ್ತವೆ. ಉಪ್ಪು ಎಲ್ಲಿ ಉಳಿಯುತ್ತದೋ ನೀರೂ ಅಲ್ಲೇ ಉಳಿಯುತ್ತದೆ. ಎರಡೂ ಸೇರಿ ಮೂತ್ರವಾಗಿ ಹೊರಗೆ ಹೋಗುತ್ತವೆ.

ಇದರಲ್ಲಿ ಮುಖ್ಯವಾದದ್ದು ಆ ಜಾಗ. ಯಾವ ಮಾತ್ರೆಗೆ ಬಲ ಜಾಸ್ತಿ, ಯಾವುದರಿಂದ ಪೊಟ್ಯಾಸಿಯಂ ಇಳಿಯುತ್ತದೆ, ಯಾವುದು ಕಿಡ್ನಿ ಕಲ್ಲಿಗೆ ಒಳ್ಳೆಯದು, ಯಾವುದು ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತದೆ ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಸಿಗುತ್ತದೆ. ಮಾತ್ರೆಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಕೊಳವೆಯ ದಾರಿ ತಿಳಿದುಕೊಳ್ಳುವುದು ಮೇಲು.

ಮೂತ್ರ ಹೇಗೆ ತಯಾರಾಗುತ್ತದೆ, ಚಿಕ್ಕದಾಗಿ ಹೇಳ್ತೀರಾ?

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು, ಅಂದರೆ ಮೂತ್ರ ತಯಾರಿಸುವ ಪುಟ್ಟ ಘಟಕಗಳು ಇವೆ. ಪ್ರತಿ ನೆಫ್ರಾನ್‌ನ ತಲೆಯಲ್ಲಿ ಗ್ಲೊಮೆರುಲಸ್ ಅನ್ನುವ ರಕ್ತನಾಳಗಳ ಗಂಟು ಇದೆ. ಇದು ಜರಡಿಯ ಹಾಗೆ. ರಕ್ತಕಣ, ಪ್ರೋಟೀನ್ ಮೇಲೆ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲ ಕೆಳಗಿನ ಕೊಳವೆಗೆ ಇಳಿಯುತ್ತವೆ.

ಹೀಗೆ ಇಳಿಯುವ ದ್ರವ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ ಸುಮಾರು 180 ಲೀಟರ್. ಅದರಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಸುಮಾರು ಒಂದೂವರೆ ಕಿಲೋ. ಆದರೆ ನಮಗೆ ದಿನಕ್ಕೆ ಮೂತ್ರವಾಗುವುದು ಒಂದೂವರೆ ಲೀಟರ್ ಆಸುಪಾಸು. ಅಂದರೆ ಸೋಸಿದ್ದರಲ್ಲಿ ಶೇ 99ರಷ್ಟನ್ನು ಕೊಳವೆ ವಾಪಸ್ ಎಳೆದುಕೊಂಡಿದೆ. ಮೂತ್ರ ಎಷ್ಟಾಗುತ್ತದೆ ಅನ್ನೋದು ಎಷ್ಟು ಸೋಸಿದೆ ಅನ್ನುವುದಕ್ಕಿಂತ, ಎಷ್ಟು ವಾಪಸ್ ಹೋಯಿತು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ವಾಪಸಾತಿಯಲ್ಲಿ ನೂರಕ್ಕೆ ಒಂದೇ ಒಂದು ಭಾಗ ತಪ್ಪಿದರೂ ಮೂತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಡಯುರೆಟಿಕ್‌ಗಳು ಬಳಸಿಕೊಳ್ಳುವುದು ಇದನ್ನೇ.

ಕೊಳವೆಯ ಯಾವ ಭಾಗ ಎಷ್ಟು ಉಪ್ಪನ್ನು ವಾಪಸ್ ತರುತ್ತದೆ?

ಮೊದಲು ಸಿಗುವುದು ಪ್ರಾಕ್ಸಿಮಲ್ ಕೊಳವೆ, ಅಂದರೆ ಗ್ಲೊಮೆರುಲಸ್‌ಗೆ ಹತ್ತಿರದ ಭಾಗ. ಸೋಡಿಯಂನ ಸುಮಾರು ಶೇ 65 ಇಲ್ಲೇ ವಾಪಸ್ ಹೋಗುತ್ತದೆ. ಸಕ್ಕರೆ, ಅಮೈನೋ ಆಮ್ಲಗಳು ಪೂರ್ತಿ ಅನ್ನುವಷ್ಟು ಇಲ್ಲೇ ಹೋಗುತ್ತವೆ.

ಆಮೇಲೆ ಹೆನ್ಲೆಯ ಕುಣಿಕೆ. ಇದು ಕಿಡ್ನಿಯ ಒಳಭಾಗಕ್ಕೆ ಇಳಿದು, ತಿರುಗಿ ಮೇಲೆ ಬರುತ್ತದೆ. ಮೇಲೆ ಬರುವಾಗ ಸಿಗುವ ದಪ್ಪ ಭಾಗ ಇನ್ನೊಂದು ಶೇ 20ರಿಂದ 25ರಷ್ಟು ಸೋಡಿಯಂ ಎಳೆದುಕೊಳ್ಳುತ್ತದೆ. ಆದರೆ ಅಲ್ಲಿ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ.

ಅಲ್ಲಿಂದ ಡಿಸ್ಟಲ್ ಕೊಳವೆ, ಶೇ 5ರಿಂದ 10. ಕೊನೆಗೆ ಸಂಗ್ರಾಹಕ ನಾಳ, ಶೇ 2ರಿಂದ 5. ಇಲ್ಲಿ ಹೋಗುವ ಉಪ್ಪು ಕಡಿಮೆ, ಆದರೆ ಕೊನೆಯ ತೀರ್ಮಾನ ಆಗುವುದು ಇಲ್ಲೇ. ಆಲ್ಡೋಸ್ಟೀರಾನ್ ಹಾರ್ಮೋನ್ ಎಷ್ಟು ಉಪ್ಪು ಉಳಿಸಬೇಕು ಅನ್ನೋದನ್ನೂ, ಎಡಿಎಚ್ ಹಾರ್ಮೋನ್ ಎಷ್ಟು ನೀರು ಉಳಿಸಬೇಕು ಅನ್ನೋದನ್ನೂ ಇಲ್ಲಿ ನಿರ್ಧರಿಸುತ್ತವೆ.

ಶೇ 65 ಮೊದಲ ಭಾಗದಲ್ಲೇ ಹೋಗುತ್ತದಲ್ವಾ? ಹಾಗಾದರೆ ಅಲ್ಲಿ ತಡೆಯುವ ಮಾತ್ರೆಗೆ ಬಲ ಜಾಸ್ತಿ ಇರಬೇಕಲ್ಲ?

ಲೆಕ್ಕದ ಪ್ರಕಾರ ಹೌದು, ಆದರೆ ನಡೆಯುವುದು ಬೇರೆ. ಅಸೆಟಜೋಲಮೈಡ್ ಈ ಭಾಗದಲ್ಲಿ ಕೆಲಸ ಮಾಡುವ ಔಷಧ. ಕಾರ್ಬೋನಿಕ್ ಅನ್‌ಹೈಡ್ರೇಸ್ ಅನ್ನುವ ಕಿಣ್ವವನ್ನು ತಡೆದು ಬೈಕಾರ್ಬೊನೇಟ್ ಮತ್ತು ಅದರ ಜೊತೆಗಿನ ಸೋಡಿಯಂ ವಾಪಸ್ ಹೋಗದಂತೆ ಮಾಡುತ್ತದೆ. ಆದರೆ ಇಲ್ಲಿ ತಪ್ಪಿಸಿಕೊಂಡ ಉಪ್ಪಿನ ದೊಡ್ಡ ಪಾಲನ್ನು ಮುಂದಿನ ಹೆನ್ಲೆಯ ಕುಣಿಕೆ ಹಿಡಿದುಕೊಂಡುಬಿಡುತ್ತದೆ. ಇನ್ನೊಂದು ತೊಡಕೂ ಇದೆ. ಬೈಕಾರ್ಬೊನೇಟ್ ಹೋಗಿ ಹೋಗಿ ರಕ್ತದಲ್ಲಿ ಆಮ್ಲೀಯತೆ ಏರುತ್ತದೆ. ಆಮೇಲೆ ಕೊಳವೆಗೆ ಇಳಿಯುವ ಬೈಕಾರ್ಬೊನೇಟೇ ಕಡಿಮೆಯಾಗಿ, ಕೆಲವೇ ದಿನಗಳಲ್ಲಿ ಔಷಧದ ಪ್ರಭಾವ ಕುಗ್ಗುತ್ತದೆ.

ಈಗ ಇದನ್ನು ಊತಕ್ಕೆ ಕೊಡುವುದಕ್ಕಿಂತ ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ, ಎತ್ತರದ ಬೆಟ್ಟಗಳಲ್ಲಿ ಕಾಡುವ ಅಸ್ವಸ್ಥತೆಗೆ ಕೊಡುವುದೇ ಜಾಸ್ತಿ.

ಫ್ಯೂರೋಸೆಮೈಡ್ ಅನ್ನುವ ಡಯುರೆಟಿಕ್‌ಗೆ ಯಾಕೆ ಅಷ್ಟೊಂದು ಬಲ?

ಎರಡು ಕಾರಣ. ಮೊದಲನೆಯದು, ಅದು ತಡೆಯುವ ಜಾಗ ಹೆನ್ಲೆ ಕುಣಿಕೆಯ ದಪ್ಪ ಭಾಗ. ಶೇ 20ಕ್ಕಿಂತ ಜಾಸ್ತಿ ಉಪ್ಪು ಅಲ್ಲಿ ವಾಪಸ್ ಹೋಗಬೇಕಿತ್ತು. ಮುಂದಿನ ಎರಡು ಭಾಗಗಳಿಗೆ ಅಷ್ಟನ್ನು ಹಿಡಿಯುವ ಶಕ್ತಿ ಇಲ್ಲ.

ಎರಡನೆಯದು ಇನ್ನೂ ಸ್ವಾರಸ್ಯವಾಗಿದೆ. ಆ ದಪ್ಪ ಭಾಗದ ಜೀವಕೋಶಗಳ ಮೇಲೆ ಒಂದು ಸಾಗಣೆ ಪ್ರೋಟೀನ್ ಇದೆ. ಅದು ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್, ಇಷ್ಟನ್ನೂ ಒಟ್ಟಿಗೆ ಒಳಗೆ ತರುತ್ತದೆ. ನೀರು ಮಾತ್ರ ಕೊಳವೆಯಲ್ಲೇ ಉಳಿಯುತ್ತದೆ. ಹೀಗೆ ನೀರಿಲ್ಲದೆ ಬರೀ ಉಪ್ಪು ಹೊರಗೆ ಸೇರಿ ಸೇರಿ ಕಿಡ್ನಿಯ ಒಳಭಾಗ ತುಂಬ ಉಪ್ಪಾಗುತ್ತದೆ. ರಕ್ತದ ಸಾಂದ್ರತೆ 290ರ ಆಸುಪಾಸು ಇದ್ದರೆ, ಅಲ್ಲಿ ಅದು 1200 ಮಿಲಿಆಸ್ಮೋಲ್‌ವರೆಗೆ ಹೋಗಬಲ್ಲದು. ಪಕ್ಕದಲ್ಲೇ ಇಳಿಯುವ ಸಂಗ್ರಾಹಕ ನಾಳದಿಂದ ನೀರನ್ನು ಎಳೆದು ಮೂತ್ರವನ್ನು ಗಟ್ಟಿ ಮಾಡುವುದು ಈ ಉಪ್ಪೇ. ಫ್ಯೂರೋಸೆಮೈಡ್, ಟಾರ್ಸೆಮೈಡ್, ಬ್ಯುಮೆಟನೈಡ್ ಈ ಪ್ರೋಟೀನನ್ನು ತಡೆದಾಗ ಒಳಭಾಗದ ಉಪ್ಪು ಕರಗಿಹೋಗುತ್ತದೆ. ಕಿಡ್ನಿಗೆ ಮೂತ್ರ ಗಟ್ಟಿ ಮಾಡಲೂ ಆಗದು, ತೀರ ತೆಳು ಮಾಡಲೂ ಆಗದು.

ಮಾತ್ರೆ ಆ ಜಾಗಕ್ಕೆ ತಲುಪುವುದು ಹೇಗೆ? ರಕ್ತದಿಂದ ಸೋಸಿ ಇಳಿಯುತ್ತದೆಯೇ?

ಇಲ್ಲ, ಅದು ಜರಡಿಯ ಮೂಲಕ ಇಳಿಯುವುದೇ ಇಲ್ಲ ಅನ್ನಬಹುದು. ಫ್ಯೂರೋಸೆಮೈಡ್ ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಆಲ್ಬುಮಿನ್ ಸೋಸಿ ಹೋಗುವುದಿಲ್ಲ. ಪ್ರಾಕ್ಸಿಮಲ್ ಕೊಳವೆಯ ಜೀವಕೋಶಗಳು ಅದನ್ನು ರಕ್ತದ ಕಡೆಯಿಂದ ಹಿಡಿದು ಕೊಳವೆಯ ಒಳಗೆ ಬಿಡುತ್ತವೆ. ಅಲ್ಲಿಂದ ದ್ರವದ ಜೊತೆ ತೇಲಿಕೊಂಡು ಹೆನ್ಲೆಯ ಕುಣಿಕೆ ಮುಟ್ಟಿ, ಕೊಳವೆಯ ಒಳಮುಖದಿಂದ ಆ ಸಾಗಣೆ ಪ್ರೋಟೀನನ್ನು ತಡೆಯುತ್ತದೆ.

ಈ ದಾರಿ ಗೊತ್ತಿದ್ದರೆ ಹಲವು ವಿಷಯ ಬಿಡಿಸಿಕೊಳ್ಳುತ್ತವೆ. ಕಿಡ್ನಿ ದುರ್ಬಲವಾದವರಿಗೆ ಯಾಕೆ ದೊಡ್ಡ ಡೋಸ್? ಒಳಗೆ ಬಿಡುವ ಜೀವಕೋಶಗಳು ಕಡಿಮೆಯಾಗಿವೆ, ಜೊತೆಗೆ ರಕ್ತದಲ್ಲಿ ಸೇರಿಕೊಂಡ ಕಲ್ಮಶಗಳೂ ಅದೇ ದಾರಿಗೆ ಪೈಪೋಟಿ ಮಾಡುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತೆಗೆದುಕೊಂಡಾಗ ಯಾಕೆ ಮೂತ್ರ ಕಡಿಮೆ? ಅವೂ ಈ ದಾರಿಗೆ ಪೈಪೋಟಿ ಮಾಡಬಲ್ಲವು. ಅದಕ್ಕಿಂತ ಮುಖ್ಯವಾಗಿ, ಅವು ಕಿಡ್ನಿಯಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕಗಳನ್ನು ತಗ್ಗಿಸಿ ಉಪ್ಪು ಉಳಿಯುವಂತೆ ಮಾಡುತ್ತವೆ.

ಇನ್ನೊಂದು ಮಾತು. ಕೊಳವೆಯೊಳಗೆ ಔಷಧ ಒಂದು ಮಟ್ಟ ಮುಟ್ಟುವವರೆಗೆ ಪರಿಣಾಮ ಕಾಣುವುದೇ ಇಲ್ಲ. 40 ಮಿಲಿಗ್ರಾಂಗೆ ಆ ಮಟ್ಟ ಮುಟ್ಟುವವರು, ಅದನ್ನೇ 20-20 ಮಾಡಿ ಎರಡು ಸಲ ನುಂಗಿದರೆ ಎರಡು ಸಲವೂ ಮಟ್ಟ ಮುಟ್ಟದೆ ಹೋಗಬಹುದು. ಮಾತ್ರೆಯನ್ನು ಸುಮ್ನೆ ಮುರಿದು ಹಂಚಿಕೊಳ್ಳಬೇಡಿ ಅಂತ ಹೇಳುವುದು ಇದಕ್ಕೇ.

ಬೆಳಗ್ಗೆ ನುಂಗಿದ ಮಾತ್ರೆ ಎಷ್ಟು ಹೊತ್ತು ಕೆಲಸ ಮಾಡುತ್ತದೆ?

ಬಾಯಿಂದ ತೆಗೆದುಕೊಂಡ ಫ್ಯೂರೋಸೆಮೈಡ್ ಅರ್ಧದಿಂದ ಒಂದು ಗಂಟೆಯೊಳಗೆ ಶುರುವಾಗಿ, ಸುಮಾರು 6 ಗಂಟೆ ಇರುತ್ತದೆ. ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರೆ 5 ನಿಮಿಷದಲ್ಲಿ ಶುರು, 2 ಗಂಟೆಗೆ ಮುಗಿಯುತ್ತದೆ.

ಒಬ್ಬರು 8 ಗಂಟೆಗೆ ಮಾತ್ರೆ ನುಂಗಿದರು ಅಂತಿಟ್ಟುಕೊಳ್ಳಿ. 9ರಿಂದ ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಉಪ್ಪೂ ಚೆನ್ನಾಗಿ ಹೋಗುತ್ತದೆ. 2 ಗಂಟೆ ಹೊತ್ತಿಗೆ ಔಷಧ ಇಳಿಯಿತು. ಅಲ್ಲಿಂದ ಮರುದಿನ ಬೆಳಗಿನವರೆಗೆ, ಸುಮಾರು 18 ಗಂಟೆ, ಕಿಡ್ನಿ ಕಳೆದುಕೊಂಡ ಉಪ್ಪನ್ನು ಮತ್ತೆ ಕೂಡಿಸಿಕೊಳ್ಳಲು ಹೊರಡುತ್ತದೆ. ಆ ಹೊತ್ತಿನಲ್ಲಿ ಊಟದಲ್ಲಿ ಉಪ್ಪು ಜಾಸ್ತಿ ಇದ್ದರೆ, ಬೆಳಗ್ಗೆ ಹೋದದ್ದೆಲ್ಲ ರಾತ್ರಿಯೊಳಗೆ ವಾಪಸ್. ಮೂತ್ರ ಧಾರಾಳವಾಗಿ ಹೋಗಿದೆ, ತೂಕ ಮಾತ್ರ ಒಂದಿಷ್ಟೂ ಇಳಿದಿಲ್ಲ ಅನ್ನುವ ಗೊಂದಲಕ್ಕೆ ಇದೊಂದು ದೊಡ್ಡ ಕಾರಣ. ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದಾಗ ಅದನ್ನು ಮಾತ್ರೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಉಪ್ಪು ಬಿಗಿಹಿಡಿಯದೆ ಬರೀ ಡೋಸ್ ಏರಿಸುತ್ತಾ ಹೋದರೆ ಪೊಟ್ಯಾಸಿಯಂ ಹೋಗುತ್ತದೆ, ಊತ ಉಳಿಯುತ್ತದೆ.

ಫ್ಯೂರೋಸೆಮೈಡ್ ಕರುಳಿನಿಂದ ರಕ್ತಕ್ಕೆ ಸೇರುವ ಪ್ರಮಾಣ ಒಬ್ಬರಿಂದ ಒಬ್ಬರಿಗೆ ತುಂಬ ಬೇರೆ. ಸರಾಸರಿ ಅರ್ಧದಷ್ಟು ಅನ್ನಬಹುದು. ಟಾರ್ಸೆಮೈಡ್ ಶೇ 80ಕ್ಕೂ ಮೇಲೆ ಸೇರುತ್ತದೆ, ಈ ವಿಷಯದಲ್ಲಿ ಅದನ್ನು ಜಾಸ್ತಿ ನಂಬಬಹುದು.

ಥಯಾಜೈಡ್‌ಗಳಿಗೆ ಬಲ ಕಡಿಮೆ ಅಂತಾರೆ. ಆದರೂ ಬಿಪಿಗೆ ಅವನ್ನೇ ಯಾಕೆ ಕೊಡ್ತಾರೆ?

ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥ್ಯಾಲಿಡೋನ್, ಇಂಡಪಮೈಡ್ ಇವೆಲ್ಲ ಥಯಾಜೈಡ್ ಬಗೆಯವು, ಡಿಸ್ಟಲ್ ಕೊಳವೆಯಲ್ಲಿ ಕೆಲಸ ಮಾಡುತ್ತವೆ. ಅಲ್ಲಿಗೆ ಬರುವ ಉಪ್ಪೇ ಕಡಿಮೆ, ಹಾಗಾಗಿ ಮೂತ್ರದ ಹೊಳೆ ಹರಿಯುವುದಿಲ್ಲ. ಆದರೆ ಬಿಪಿಗೆ ಬೇಕಾದದ್ದು ದಿನವಿಡೀ ನಿಧಾನವಾಗಿ ಸ್ವಲ್ಪ ಉಪ್ಪು ಕಳೆಯುವುದು. ಕ್ಲೋರ್‌ಥ್ಯಾಲಿಡೋನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು 40 ಗಂಟೆಗೂ ಜಾಸ್ತಿ ಬೇಕು. ದಿನಕ್ಕೊಂದು ಮಾತ್ರೆ ಸಾಕು. ಮೊದಲ ವಾರಗಳಲ್ಲಿ ರಕ್ತದ ದ್ರವ ತಗ್ಗಿ ಬಿಪಿ ಇಳಿಯುತ್ತದೆ. ತಿಂಗಳುಗಳು ಕಳೆದ ಮೇಲೆ ದ್ರವ ಹೆಚ್ಚುಕಡಿಮೆ ಮೊದಲಿನಂತಾದರೂ ರಕ್ತನಾಳಗಳ ಬಿಗಿ ಸಡಿಲವಾಗಿ ಬಿಪಿ ಇಳಿದೇ ಇರುತ್ತದೆ.

ಈ ಮಾತ್ರೆಗಳಿಂದ ಪೊಟ್ಯಾಸಿಯಂ ಯಾಕೆ ಇಳಿಯುತ್ತದೆ?

ಮೇಲೆ ತಡೆದ ಉಪ್ಪು ಕೆಳಗೆ ಸಂಗ್ರಾಹಕ ನಾಳಕ್ಕೆ ಬಂದು ಸೇರುತ್ತದೆ. ಅಲ್ಲಿನ ಜೀವಕೋಶ ಸೋಡಿಯಂ ಅನ್ನು ಒಂದು ರಂಧ್ರದ ಮೂಲಕ ಒಳಗೆ ಎಳೆಯುತ್ತದೆ. ಧನ ವಿದ್ಯುದಂಶದ ಸೋಡಿಯಂ ಒಳಗೆ ಹೋದ ಹಾಗೆ ಕೊಳವೆಯ ಒಳಗಡೆ ಋಣ ವಿದ್ಯುತ್ ಹೆಚ್ಚುತ್ತದೆ. ಅದು ಜೀವಕೋಶದಲ್ಲಿರುವ ಪೊಟ್ಯಾಸಿಯಂ ಅನ್ನು ಹೊರಗೆಳೆಯುತ್ತದೆ. ಬರುವ ಸೋಡಿಯಂ ಜಾಸ್ತಿಯಾದಷ್ಟೂ ಹೋಗುವ ಪೊಟ್ಯಾಸಿಯಂ ಜಾಸ್ತಿ. ಕೊಳವೆಯಲ್ಲಿ ದ್ರವ ರಭಸವಾಗಿ ಹರಿಯುವುದೂ ಇದಕ್ಕೆ ಕೂಡಿಕೊಳ್ಳುತ್ತದೆ.

ಅಷ್ಟೇ ಅಲ್ಲ. ದ್ರವ ಕಡಿಮೆಯಾಯಿತು ಅಂತ ದೇಹ ರೆನಿನ್ ಅನ್ನುವ ಕಿಣ್ವ ಬಿಡುತ್ತದೆ, ಅದರಿಂದ ಆಲ್ಡೋಸ್ಟೀರಾನ್ ಏರುತ್ತದೆ. ಆಲ್ಡೋಸ್ಟೀರಾನ್ ಈ ರಂಧ್ರಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಹೈಡ್ರೋಜನ್ ಅಯಾನುಗಳೂ ಹೊರಗೆ ಹೋಗಿ ರಕ್ತ ಕ್ಷಾರೀಯವಾಗುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಸ್ನಾಯು ಸುಸ್ತು, ಸೆಳೆತ, ಹೃದಯ ಬಡಿತದಲ್ಲಿ ಏರುಪೇರು ಆಗಬಹುದು. ಅದಕ್ಕೇ ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಆರಾಮಾಗಿದ್ದೀನಿ ಅಂತ ಅದನ್ನು ಬಿಡಬೇಡಿ. ಪೊಟ್ಯಾಸಿಯಂ ಸಾಕಷ್ಟು ಇಳಿಯುವವರೆಗೆ ಲಕ್ಷಣವೇ ಕಾಣದಿರಬಹುದು.

ಪೊಟ್ಯಾಸಿಯಂ ಉಳಿಸುವ ಮಾತ್ರೆಗಳು ಬೇರೆ ಇವೆಯಲ್ವಾ?

ಇವೆ, ಎರಡು ಬಗೆ. ಅಮಿಲೋರೈಡ್, ಟ್ರಯಾಮ್ಟರೀನ್ ಆ ಸೋಡಿಯಂ ರಂಧ್ರವನ್ನೇ ಮುಚ್ಚುತ್ತವೆ. ಸ್ಪೈರೊನೊಲ್ಯಾಕ್ಟೋನ್, ಎಪ್ಲೆರಿನೋನ್ ಆಲ್ಡೋಸ್ಟೀರಾನ್ ಕೂರಬೇಕಾದ ಜಾಗದಲ್ಲಿ ತಾವು ಕೂರುತ್ತವೆ. ಈ ಎರಡನೆಯ ಬಗೆಯವಕ್ಕೆ ಕೊಳವೆಯೊಳಗೆ ಇಳಿಯುವ ಅಗತ್ಯವಿಲ್ಲ, ರಕ್ತದ ಕಡೆಯಿಂದಲೇ ಜೀವಕೋಶ ಸೇರುತ್ತವೆ. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಹಿಡಿಯುತ್ತದೆ. ಸ್ಪೈರೊನೊಲ್ಯಾಕ್ಟೋನ್‌ನಿಂದ ಕೆಲವು ಗಂಡಸರಲ್ಲಿ ಎದೆ ಉಬ್ಬಿ ನೋಯುವುದುಂಟು. ಮುಜುಗರಪಟ್ಟುಕೊಳ್ಳದೆ ಡಾಕ್ಟರಿಗೆ ಹೇಳಿ, ಬದಲಿ ಔಷಧ ಇದೆ.

ಮೂತ್ರ ಹೆಚ್ಚಿಸುವುದರಲ್ಲಿ ಇವು ದುರ್ಬಲವಾದರೂ ಹೃದಯ ವೈಫಲ್ಯದಲ್ಲಿ ಇವುಗಳ ಬೆಲೆ ದೊಡ್ಡದು. 1999ರಲ್ಲಿ ಪ್ರಕಟವಾದ ರೇಲ್ಸ್ ಅಧ್ಯಯನದಲ್ಲಿ, ತೀವ್ರ ಹೃದಯ ವೈಫಲ್ಯ ಇದ್ದವರಿಗೆ ಸಣ್ಣ ಡೋಸ್ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಾಗ ಸಾವಿನ ಅಪಾಯ ಶೇ 30ರಷ್ಟು ತಗ್ಗಿತು.

ಇಲ್ಲಿನ ಅಪಾಯ ತದ್ವಿರುದ್ಧ, ಪೊಟ್ಯಾಸಿಯಂ ಏರುವುದು. ಕಿಡ್ನಿ ದುರ್ಬಲ ಇದ್ದವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಜೊತೆಗೆ ತೆಗೆದುಕೊಳ್ಳುವವರು ಜಾಗ್ರತೆ. ಉಪ್ಪಿಗೆ ಬದಲಾಗಿ ಮಾರುವ ‘ಕಡಿಮೆ ಸೋಡಿಯಂ ಉಪ್ಪು’ಗಳಲ್ಲಿ ಹೆಚ್ಚಾಗಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಇವರು ಅದನ್ನು ಕೇಳದೆ ಬಳಸಬಾರದು.

ಕಿಡ್ನಿ ಕಲ್ಲಿಗೆ ಥಯಾಜೈಡ್ ಕೊಡುತ್ತಾರೆ, ಫ್ಯೂರೋಸೆಮೈಡ್ ಕೊಡುವುದಿಲ್ಲ. ಎರಡೂ ಮೂತ್ರ ಹೆಚ್ಚಿಸುವ ಮಾತ್ರೆಗಳೇ ಅಲ್ವಾ?

ಕ್ಯಾಲ್ಸಿಯಂ ವಿಷಯದಲ್ಲಿ ಎರಡೂ ಎದುರುಬದುರು. ಹೆನ್ಲೆ ಕುಣಿಕೆಯ ದಪ್ಪ ಭಾಗದಲ್ಲಿ ಉಪ್ಪು ಒಳಗೆ ಹೋದಾಗ ಕೊಳವೆಯಲ್ಲಿ ಧನ ವಿದ್ಯುತ್ ಉಂಟಾಗುತ್ತದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳ ಸಂದಿನಿಂದ ರಕ್ತಕ್ಕೆ ತಳ್ಳುತ್ತದೆ. ಫ್ಯೂರೋಸೆಮೈಡ್ ಆ ವಿದ್ಯುತ್ತನ್ನೇ ಇಲ್ಲವಾಗಿಸಿ, ಎರಡನ್ನೂ ಮೂತ್ರಕ್ಕೆ ಬಿಡುತ್ತದೆ.

ಥಯಾಜೈಡ್ ತೆಗೆದುಕೊಂಡಾಗ ಮೂತ್ರದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ದೇಹದ ದ್ರವ ಸ್ವಲ್ಪ ತಗ್ಗಿದಾಗ ಪ್ರಾಕ್ಸಿಮಲ್ ಕೊಳವೆ ಜಾಸ್ತಿ ಉಪ್ಪು ಎಳೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಕೂಡ ಅದರ ಹಿಂದೆಯೇ ಹೋಗುತ್ತದೆ. ಹಾಗಾಗಿ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದು ಪದೇ ಪದೇ ಕಲ್ಲಾಗುವವರಿಗೆ ಇದನ್ನು ಕೊಡುವುದುಂಟು. ಯೂರಿಕ್ ಆಮ್ಲದಲ್ಲಿ ಮಾತ್ರ ಎರಡೂ ಒಂದೇ. ಅದನ್ನು ರಕ್ತದಲ್ಲಿ ಉಳಿಸಿ ಗೌಟ್ ಅನ್ನುವ ಕೀಲುನೋವನ್ನು ಕೆರಳಿಸಬಹುದು.

ಈ ಮಾತ್ರೆಗಳು ತಡೆಯುವ ಉಪ್ಪಿನ ಸಾಗಣೆ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿರುವವರೂ ಇದ್ದಾರೆ. ಡಿಸ್ಟಲ್ ಕೊಳವೆಯದು ಕೆಟ್ಟರೆ ಗಿಟಲ್‌ಮನ್ ಸಿಂಡ್ರೋಮ್, ಹೆನ್ಲೆ ಕುಣಿಕೆಯದು ಕೆಟ್ಟರೆ ಬಾರ್ಟರ್ ಸಿಂಡ್ರೋಮಿನ ಒಂದು ಬಗೆ. ಮೊದಲನೆಯವರ ರಕ್ತ, ಮೂತ್ರದ ವರದಿ ಜೀವನಪೂರ್ತಿ ಥಯಾಜೈಡ್ ನುಂಗಿದವರಂತೆ, ಎರಡನೆಯವರದು ಫ್ಯೂರೋಸೆಮೈಡ್ ನುಂಗಿದವರಂತೆ ಕಾಣುತ್ತದೆ. ಮೊದಲನೆಯವರಲ್ಲಿ ಮೂತ್ರದ ಕ್ಯಾಲ್ಸಿಯಂ ಕಡಿಮೆ, ಎರಡನೆಯವರಲ್ಲಿ ಜಾಸ್ತಿ. ಯಾವ ಜಾಗ ಅನ್ನೋದು ಎಷ್ಟು ಮುಖ್ಯ ಅಂತ ತೋರಿಸಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಕಾಣುವುದಿಲ್ಲ.

ವಯಸ್ಸಾದವರಲ್ಲಿ ಥಯಾಜೈಡ್‌ನಿಂದ ಸೋಡಿಯಂ ಇಳಿಯುತ್ತದೆ ಅಂತಾರೆ. ಫ್ಯೂರೋಸೆಮೈಡ್‌ಗೆ ಆ ಹೆಸರು ಯಾಕಿಲ್ಲ?

ಥಯಾಜೈಡ್ ಕೆಲಸ ಮಾಡುವುದು ಮೂತ್ರವನ್ನು ತೆಳು ಮಾಡುವ ಭಾಗದಲ್ಲಿ. ಅದನ್ನು ತಡೆದರೆ ಕುಡಿದ ಹೆಚ್ಚಿನ ನೀರನ್ನು ಹೊರಗೆ ಹಾಕಲು ಕಿಡ್ನಿ ಒದ್ದಾಡುತ್ತದೆ. ಆದರೆ ಒಳಭಾಗದ ಉಪ್ಪು ಹಾಗೇ ಇದೆ. ಎಡಿಎಚ್ ಏರಿದರೆ ನೀರನ್ನು ಚೆನ್ನಾಗಿಯೇ ಹಿಡಿದುಕೊಳ್ಳುತ್ತದೆ. ಉಪ್ಪು ಹೋಗಿ ನೀರು ಉಳಿದಾಗ ರಕ್ತದ ಸೋಡಿಯಂ ಇಳಿಯುತ್ತದೆ. ಫ್ಯೂರೋಸೆಮೈಡ್ ಒಳಭಾಗದ ಉಪ್ಪನ್ನೇ ಕರಗಿಸುವುದರಿಂದ ನೀರು ಅಷ್ಟಾಗಿ ಉಳಿಯುವುದಿಲ್ಲ.

ಹೊಸದಾಗಿ ಥಯಾಜೈಡ್ ಶುರು ಮಾಡಿದ ವಯಸ್ಸಾದವರು ಗೊಂದಲಕ್ಕೊಳಗಾದರೆ, ತೂಕಡಿಸುತ್ತಿದ್ದರೆ, ನಡೆಯುವಾಗ ತಡವರಿಸಿದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ. ಅವತ್ತೇ ಸೋಡಿಯಂ ಪರೀಕ್ಷೆ ಮಾಡಿಸಿ.

ಮೂತ್ರ ವಿಪರೀತ ಹೋಗುವ ಕಾಯಿಲೆಗೆ ಥಯಾಜೈಡ್ ಕೊಡುತ್ತಾರಂತೆ, ನಿಜವೇ?

ನಿಜ. ಕಿಡ್ನಿ ಎಡಿಎಚ್‌ಗೆ ಸ್ಪಂದಿಸದ ಕಾಯಿಲೆಯಲ್ಲಿ ದಿನಕ್ಕೆ ಹಲವು ಲೀಟರ್ ತೆಳು ಮೂತ್ರ ಹೋಗುತ್ತದೆ. ಥಯಾಜೈಡ್ ದೇಹದ ಉಪ್ಪನ್ನು ಸ್ವಲ್ಪ ತಗ್ಗಿಸಿದಾಗ ಪ್ರಾಕ್ಸಿಮಲ್ ಕೊಳವೆ ಜಾಸ್ತಿ ಉಪ್ಪು, ನೀರು ಎಳೆದುಕೊಳ್ಳುತ್ತದೆ. ಸಂಗ್ರಾಹಕ ನಾಳಕ್ಕೆ ಬರುವ ದ್ರವವೇ ಕಡಿಮೆಯಾಗಿ ಮೂತ್ರ ಇಳಿಯುತ್ತದೆ. ಊಟದಲ್ಲೂ ಉಪ್ಪು ಕಡಿಮೆ ಮಾಡಿದರೆ ಮಾತ್ರ ಇದು ಚೆನ್ನಾಗಿ ಫಲಿಸುತ್ತದೆ.

ಕೆಲವು ತಿಂಗಳಾದ ಮೇಲೆ ಮಾತ್ರೆ ಮೊದಲಿನಷ್ಟು ಕೆಲಸ ಮಾಡುತ್ತಿಲ್ಲ. ಯಾಕೆ?

ಕೊಳವೆ ಹೊಂದಿಕೊಳ್ಳುತ್ತದೆ. ದಿನವೂ ಮೇಲಿನಿಂದ ಹೆಚ್ಚುವರಿ ಉಪ್ಪು ಬರುವುದರಿಂದ ಡಿಸ್ಟಲ್ ಕೊಳವೆಯ ಜೀವಕೋಶಗಳು ದಪ್ಪವಾಗುತ್ತವೆ, ಸಾಗಣೆ ಪ್ರೋಟೀನ್‌ಗಳನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ಫ್ಯೂರೋಸೆಮೈಡ್ ಮೇಲೆ ಬಿಟ್ಟದ್ದನ್ನು ಇವು ಕೆಳಗೆ ಹಿಡಿಯುತ್ತವೆ. ಆಗ ಮೆಟೋಲಜೋನ್‌ನಂಥ ಥಯಾಜೈಡ್ ಬಗೆಯ ಮಾತ್ರೆ ಸೇರಿಸಿ ಎರಡೂ ಜಾಗ ತಡೆಯುತ್ತಾರೆ. ಪರಿಣಾಮ ತುಂಬ ಜೋರು. ಸೋಡಿಯಂ, ಪೊಟ್ಯಾಸಿಯಂ ಬೇಗ ಕುಸಿಯಬಹುದು. ಈ ಜೋಡಿಯನ್ನು ಹತ್ತಿರದ ನಿಗಾ ಇಲ್ಲದೆ ಮನೆಯಲ್ಲಿ ಮುಂದುವರಿಸುವುದು ಅಪಾಯ. ಹೃದಯ ವೈಫಲ್ಯದಲ್ಲಿ ಕರುಳೂ ಊದಿಕೊಂಡು ಮಾತ್ರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಮಾತ್ರೆ ಸೋತಲ್ಲಿ ಇಂಜೆಕ್ಷನ್ ಗೆಲ್ಲುವುದು ಈ ಕಾರಣಕ್ಕೂ ಹೌದು.

ಉಪ್ಪಿನ ತಂಟೆಗೆ ಹೋಗದ ಡಯುರೆಟಿಕ್ ಇಲ್ಲವೇ?

ಇವೆ. ಮ್ಯಾನಿಟಾಲ್ ಕೊಳವೆಗೆ ಸೋಸಿ ಇಳಿದು, ವಾಪಸ್ ಹೋಗದೆ, ನೀರನ್ನು ತನ್ನ ಜೊತೆ ಹಿಡಿದಿಟ್ಟುಕೊಳ್ಳುತ್ತದೆ. ಮಿದುಳಿನ ಊತಕ್ಕೆ ಕೊಡುತ್ತಾರೆ. ಟಾಲ್ವಾಪ್ಟಾನ್ ಎಡಿಎಚ್‌ ಕೆಲಸ ತಡೆದು ಬರೀ ನೀರನ್ನು ಬಿಡುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಪೂರ್ತಿ ಈ ಸಾಲಿಗೆ ಸೇರುವುದಿಲ್ಲ, ಅವು ಶುರುವಾದದ್ದು ಸಕ್ಕರೆ ಕಾಯಿಲೆಗೆ. ಅವು ಪ್ರಾಕ್ಸಿಮಲ್ ಕೊಳವೆಯಲ್ಲಿ ಸಕ್ಕರೆಯನ್ನೂ, ಜೊತೆಗೆ ಸ್ವಲ್ಪ ಸೋಡಿಯಂ ಅನ್ನೂ ತಡೆಯುತ್ತವೆ. ಈಗ ಹೃದಯ ವೈಫಲ್ಯಕ್ಕೂ ಕಿಡ್ನಿ ಕಾಯಿಲೆಗೂ ಬಳಕೆಯಲ್ಲಿವೆ.

ಕಾಫಿ, ಮದ್ಯ?

ಕಾಫಿಯ ಕೆಫೀನ್ ಕಿಡ್ನಿಯ ಅಡೆನೊಸಿನ್ ಗ್ರಾಹಕಗಳನ್ನು ತಡೆದು ಸ್ವಲ್ಪ ಮೂತ್ರ ಹೆಚ್ಚಿಸುತ್ತದೆ, ರೂಢಿ ಇದ್ದವರಲ್ಲಿ ಅದೂ ಕಡಿಮೆ. ಮದ್ಯ ಎಡಿಎಚ್ ತಗ್ಗಿಸುತ್ತದೆ. ಎರಡೂ ಊತಕ್ಕೆ ಚಿಕಿತ್ಸೆ ಅಲ್ಲ.

ಇವನ್ನೆಲ್ಲ ಕಂಡುಹಿಡಿದದ್ದು ಹೇಗೆ?

ಬಹಳಷ್ಟು ಆಕಸ್ಮಿಕವಾಗಿ. 1919ರಲ್ಲಿ ವಿಯೆನ್ನಾದಲ್ಲಿ ಆಲ್ಫ್ರೆಡ್ ವೋಗ್ಲ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಸಿಫಿಲಿಸ್‌ಗೆ ಕೊಟ್ಟ ಪಾದರಸದ ಇಂಜೆಕ್ಷನ್‌ನಿಂದ ಮೂತ್ರ ಧಾರಾಳವಾಗಿ ಹೆಚ್ಚಿದ್ದನ್ನು ಗಮನಿಸಿದ. ಮುಂದಿನ ಮೂರು ದಶಕ ಊತಕ್ಕೆ ವಿಷಕಾರಿಯಾದ ಪಾದರಸವೇ ಮುಖ್ಯ ಔಷಧವಾಗಿತ್ತು. 1930ರ ದಶಕದಲ್ಲಿ ಸೋಂಕಿಗೆ ಬಂದ ಸಲ್ಫಾನಿಲಮೈಡ್ ಮೂತ್ರವನ್ನು ಕ್ಷಾರೀಯ ಮಾಡುವುದು ಕಂಡಿತು. ಅದರ ಜಾಡು ಹಿಡಿದು ಅಸೆಟಜೋಲಮೈಡ್, 1950ರ ದಶಕದ ಕೊನೆಗೆ ಕ್ಲೋರೋಥಯಾಜೈಡ್, 1960ರ ದಶಕದಲ್ಲಿ ಫ್ಯೂರೋಸೆಮೈಡ್ ಬಂದವು. ಇವು ತಡೆಯುವ ಸಾಗಣೆ ಪ್ರೋಟೀನ್‌ಗಳ ಜೀನ್‌ಗಳನ್ನು ಗುರುತಿಸಿದ್ದು 1990ರ ದಶಕದಲ್ಲಿ. ಔಷಧ ಮೊದಲು ಬಂತು, ಅದು ಮುಟ್ಟುವ ಜಾಗ ಆಮೇಲೆ ಸಿಕ್ಕಿತು.

ಡಯುರೆಟಿಕ್‌ನಿಂದ ಕಿಡ್ನಿ ಹಾಳಾಗುತ್ತದೆಯೇ? ನನ್ನ ಕ್ರಿಯಾಟಿನಿನ್ ಏರಿದೆ.

ಸರಿಯಾದ ಡೋಸ್‌ನಲ್ಲಿ ಇವು ಕೊಳವೆಗೆ ಗಾಯ ಮಾಡುವುದಿಲ್ಲ. ದ್ರವ ಕಡಿಮೆಯಾದಾಗ ಕಿಡ್ನಿಗೆ ಬರುವ ರಕ್ತ ತಗ್ಗಿ, ಕಿಡ್ನಿ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಏರಬಹುದು. ಊತ, ಉಬ್ಬಸ ಕಡಿಮೆಯಾಗುತ್ತಾ ಸ್ವಲ್ಪ ಏರಿದ್ದರೆ ಡಾಕ್ಟರ್ ಅದನ್ನು ಒಪ್ಪಿಕೊಂಡು ಮುಂದುವರಿಸಬಹುದು. ಬಾಯಿ ಒಣಗಿ, ಎದ್ದು ನಿಂತರೆ ತಲೆ ತಿರುಗಿ, ಮೂತ್ರವೂ ಇಳಿದು ಕ್ರಿಯಾಟಿನಿನ್ ಏರಿದರೆ ದ್ರವ ಅತಿಯಾಗಿ ಹೋಗಿದೆ ಅಂತ ಅನುಮಾನಿಸಬೇಕು.

ನಿಜವಾಗಿ ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಜೊತೆ ಸೇರುವ ವಸ್ತುಗಳಿಂದ. ಡಯುರೆಟಿಕ್, ರಾಮಿಪ್ರಿಲ್ ಬಗೆಯ ಬಿಪಿ ಮಾತ್ರೆ, ಅದರ ಮೇಲೆ ಮಂಡಿನೋವಿಗೆ ಅಂತ ಡೈಕ್ಲೊಫೆನಾಕ್. ಈ ಮೂರೂ ಸೇರಿದರೆ ಗ್ಲೊಮೆರುಲಸ್‌ನ ಒತ್ತಡ ಕಾಯುವ ಎಲ್ಲ ದಾರಿಯೂ ಮುಚ್ಚಿದಂತೆ. ವಾಂತಿ, ಭೇದಿ ಜೋರಾಗಿರುವ ದಿನ ಮಾತ್ರೆ ನುಂಗಬೇಕೋ ನಿಲ್ಲಿಸಬೇಕೋ ಅನ್ನೋದನ್ನು ಆರೋಗ್ಯವಾಗಿರುವಾಗಲೇ ಡಾಕ್ಟರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಡಯುರೆಟಿಕ್ ಶುರು ಮಾಡುವ ಮೊದಲೇ ಹೇಳಬೇಕು, ಥಯಾಜೈಡ್ ಅದನ್ನು ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಿಸಬಲ್ಲದು.

ಮಾತ್ರೆ ಕೆಲಸ ಮಾಡುತ್ತಿದೆ ಅಂತ ಮನೆಯಲ್ಲಿ ತಿಳಿಯುವುದು ಹೇಗೆ?

ತೂಕ ನೋಡಿ. ಬೆಳಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಅದೇ ತಕ್ಕಡಿಯಲ್ಲಿ. ಒಂದು ಲೀಟರ್ ದ್ರವ ಅಂದರೆ ಒಂದು ಕಿಲೋ. ಒಂದೆರಡು ದಿನದಲ್ಲಿ ಕಿಲೋಗಟ್ಟಲೆ ಏರಿದರೆ ಅದು ಕೊಬ್ಬಲ್ಲ, ಉಪ್ಪು ಮತ್ತು ನೀರು. ಹಾಗೆಯೇ ಮಾತ್ರೆಯಿಂದ ಇಳಿದ ತೂಕವೂ ಕೊಬ್ಬಲ್ಲ, ತೆಳ್ಳಗಾಗಲು ಇದನ್ನು ನುಂಗಬಾರದು. ಎಷ್ಟು ಏರಿದರೆ, ಎಷ್ಟು ಇಳಿದರೆ ಫೋನ್ ಮಾಡಬೇಕು ಅಂತ ಡಾಕ್ಟರ್ ಹತ್ತಿರ ಒಂದು ಅಂಕಿ ಕೇಳಿಕೊಂಡು ತಕ್ಕಡಿಯ ಪಕ್ಕ ಅಂಟಿಸಿಡಿ.